ಕೆಳಗಿದ್ದಾರೆ, ಬರುತ್ತಾರೆ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಬರೆಯುತ್ತೇನೆ. ನನ್ನದಾಗಿ ಏನನ್ನೂ ಸೇರಿಸಿಲ್ಲ. ಸೇರಿಸುವ ಮನಸ್ಸಿದ್ದರೆ ಇದಕ್ಕಿಂತ ಸಮಾಧಾನ ಕೊಡುವ ಕತೆಯನ್ನೇ ಕಟ್ಟಬಹುದಿತ್ತು.

ನಾನು ಸರೋಜಾ. ನನ್ನ ಯಜಮಾನರು ಜಯಕರ, ಗದಗಿನಲ್ಲಿ ಶಾಲಾ ಮಾಸ್ತರರಾಗಿದ್ದವರು. ಅವರು ನಿವೃತ್ತರಾದ ಮೇಲೆ ನಾವಿಬ್ಬರೂ ಮಲೇಷ್ಯಾದ ನಿಲಾಯ್ ಎಂಬ ಊರಿಗೆ ಬಂದೆವು. ಅಲ್ಲಿನ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ಸಂಬಳವಿಲ್ಲದ ಸೇವಕರಾಗಿ ನಾಲ್ಕು ವರ್ಷದಿಂದ ಇದ್ದೇವೆ. ಪ್ರಾರ್ಥನಾ ಮಂದಿರದ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಭಾನುವಾರ ಕಾಲೇಜಿನ ಕನ್ನಡದ ಮಕ್ಕಳಿಗೆ ಊಟ ಹಾಕುತ್ತೇವೆ. ಉಳಿದ ದಿನ ಸಭೆಯವರಲ್ಲಿ ಹಾಸಿಗೆ ಹಿಡಿದವರ ಮನೆಗೆ ಹೋಗಿ ಕೂರುತ್ತೇವೆ.

ಈ ಕೆಲಸಕ್ಕೆ ಕೆಲವು ಕಟ್ಟಳೆಗಳಿವೆ. ರೋಗಿಯ ಮನೆಗೆ ಯಾವಾಗಲೂ ಇಬ್ಬರು ಹೋಗಬೇಕು. ಒಬ್ಬರು ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಇನ್ನೊಬ್ಬರು ಕಣ್ಣು ತೆರೆದು ರೋಗಿಯನ್ನು ನೋಡುತ್ತಿರಬೇಕು, ಉಸಿರು ನಿಂತರೂ ಗೊತ್ತಾಗದೆ ಪ್ರಾರ್ಥನೆ ಮಾಡುತ್ತಿರಬಾರದಲ್ಲ... ಅಲ್ಲಿ ನಮ್ಮ ಮನೆಯ ಕಷ್ಟ ಹೇಳಬಾರದು. ಸಾಯುತ್ತಿರುವವರು ಯಾರನ್ನೋ ಕಂಡೆವೆಂದರೆ ಇಲ್ಲವೆನ್ನಬಾರದು.

ಆ ರಾತ್ರಿ ನಾನು ಮೊದಲೆರಡನ್ನು ಮುರಿದೆ. ಉಳಿದೆರಡನ್ನು ಪಾಲಿಸಿದೆ.

ಸಾಲೊಮನ್ ಎಂಬ ಹಿರಿಯರಿದ್ದರು. ಕೊಳ್ಳೇಗಾಲದ ಕಡೆಯವರು. ಹರೆಯದಲ್ಲೇ ಮೆಕ್ಯಾನಿಕ್ ಕೆಲಸಕ್ಕೆಂದು ಇಲ್ಲಿಗೆ ಬಂದು, ಇಲ್ಲಿಯ ತಮಿಳು ಹೆಂಗಸನ್ನು ಮದುವೆಯಾಗಿ, ಇಲ್ಲಿಯವರೇ ಆಗಿಬಿಟ್ಟಿದ್ದರು. ಶ್ವಾಸಕೋಶದ ಕಾಯಿಲೆ. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿದ ಮೇಲೆ ಅವರ ಬಾಯಲ್ಲಿ ತಮಿಳು, ಮಲಾಯ್, ಇಂಗ್ಲಿಷ್ ಎಲ್ಲ ಒಂದೊಂದಾಗಿ ಬಿಟ್ಟುಹೋಗಿ ಕನ್ನಡ ಮಾತ್ರ ಉಳಿಯಿತು. ಮಗಳು ಗ್ರೇಸ್‌ಗೆ ಕನ್ನಡ ಅರ್ಧ ಅರ್ಥವಾಗುತ್ತದೆ, ಕಾಲುಭಾಗ ಮಾತಾಡಲು ಬರುತ್ತದೆ.

"ನಿಮ್ಮ ಗದಗಿನ ಕನ್ನಡ ಕೇಳುದ್ರೆ ಬಯ್ತಾವ್ರಾ, ಹರಸ್ತಾವ್ರಾ ಅಂತ ಗೊತ್ತಾಗಾಕಿಲ್ಲ ಕಣವ್ವ," ಎಂದು ಮೊದಲ ಸಲವೇ ನನ್ನನ್ನು ಹಾಸ್ಯ ಮಾಡಿದ್ದರು.

"ಎರಡೂ ಕೂಡೇ ಮಾಡ್ತೀವ್ರಿ ನಾವು," ಎಂದಿದ್ದರು ಯಜಮಾನರು. ಮುದುಕರು ನಕ್ಕು, ಕೆಮ್ಮಿ, ಮತ್ತೆ ನಕ್ಕಿದ್ದರು.

ಎರಡನೆಯ ಸಲ ಹೋದಾಗ ನಗಲಿಲ್ಲ. ಅವರ ಹೆಂಡತಿ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಇವರು ಕೆಳಗೆ ಟೀ ಕಟ್ಟಿಸಿಕೊಂಡು ಬರಲು ಹೋಗಿದ್ದರಂತೆ. ಹತ್ತು ನಿಮಿಷ. ಬಂದು ನೋಡಿದರೆ ಮುಗಿದಿತ್ತು.

"ಅವಳು ಬಾಕಲ ಕಡೀಕೆ ಮುಖ ಮಾಡ್ಕಂಡಿದ್ಲು," ಎಂದರು. "ನನ್ನ ಹಂಗೆ ಒಬ್ಬುನ್ನೇ ಬುಡಬ್ಯಾಡಿ ಕಣವ್ವ. ಹೋಗೋವಾಗ ಕನ್ನಡ ಬಲ್ಲೋರು ಒಬ್ರು ಕೈ ಹಿಡ್ಕಂಡಿರ್ಲಿ. ಅಷ್ಟೇಯ."

ಇರುತ್ತೇನೆ ಎಂದು ಮಾತು ಕೊಟ್ಟೆ. ನಾವಿಬ್ಬರೂ ಕೊಟ್ಟೆವು, ಆದರೆ ಬಾಯಿಬಿಟ್ಟು ಹೇಳಿದವಳು ನಾನು.

ಹತ್ತು ದಿನಕ್ಕೆ ಯಜಮಾನರಿಗೆ ಡೆಂಗ್ಯೂ ಬಂತು. ಜ್ವರದ ನಾಲ್ಕನೆಯ ದಿನ, ರಾತ್ರಿ ಎಂಟೂಕಾಲಿಗೆ ಗ್ರೇಸ್ ಫೋನ್ ಮಾಡಿದಳು.

"ಆಂಟಿ, ಅಪ್ಪ ಬ್ರೀದಿಂಗ್ ಬೇರೆ ಥರಾ ಇದೆ. ನಿಮ್ಮನ್ನೇ ಕೇಳ್ತಾರೆ. ಕ್ಯಾನ್ ಕಮ್ ಆರ್ ನಾಟ್?"

ಸಭೆಯ ಹಿರಿಯರಾದ ಥಾಮಸ್ ಅಣ್ಣನಿಗೆ ಫೋನ್ ಮಾಡಿದೆ. ಅವರು ಮೆಲಾಕಾದಲ್ಲಿದ್ದರು. ಅವರ ಹೆಂಡತಿಯೂ ಜೊತೆಗೇ ಹೋಗಿದ್ದರು. ಬೇರೆ ಯಾರೂ ಸಿಗಲಿಲ್ಲ.

ಯಜಮಾನರು ಹಾಸಿಗೆಯಲ್ಲೇ ತಿರುಗಿ ನೋಡಿದರು. "ನೀ ಒಬ್ಬಾಕಿನ ಹ್ಯಾಂಗ ಹೋಗ್ತಿ?"

"ಹೋಗೂದಿಲ್ಲ ಬಿಡ್ರಿ. ನಿಮಗ ಹಿಂಗ ಜ್ವರ ಇರಬೇಕಾದ್ರ..."

"ಮಾತ ಕೊಟ್ಟೀವಲ್ಲ, ಸರೋಜಾ." ಹೊದಿಕೆಯನ್ನು ಮೇಲೆಳೆದುಕೊಂಡರು. "ಹೋಗಿ ಬಾ. ಫೋನ್ ಬಾಜೂಕ ಇಟ್ಟು ಹೋಗು. ನನಗೇನೂ ಆಗೂದಿಲ್ಲ."

ನೀರು, ಗಂಜಿ, ಫೋನು ಕೈಗೆಟುಕುವಂತೆ ಇಟ್ಟು ಬಾಡಿಗೆ ಕಾರಿನಲ್ಲಿ ಹೊರಟೆ.

ಅದು ಐದಂತಸ್ತಿನ ಹಳೆಯ ಫ್ಲ್ಯಾಟು, ಲಿಫ್ಟ್ ಇಲ್ಲ. ಸಾಲೊಮನ್ ಮನೆ ನಾಲ್ಕನೆಯ ಮಹಡಿಯಲ್ಲಿ. ಕೆಳಗೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ರೊಟ್ಟಿ ಬಡಿಯುವ ಸದ್ದು, ಟಿವಿಯಲ್ಲಿ ಫುಟ್ಬಾಲ್. ಮೆಟ್ಟಿಲು ಹತ್ತುವಾಗ ನನ್ನ ಹಿಂದೆ ಯಾರೂ ಇರಲಿಲ್ಲ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ. ಮೊಣಕಾಲು ನೋವಿನಿಂದ ಪ್ರತಿ ತಿರುವಿನಲ್ಲೂ ನಿಂತು ಕೆಳಗೆ ನೋಡಿದ್ದೆ.

ಗ್ರೇಸ್ ಕಬ್ಬಿಣದ ಜಾಲರಿ ಬಾಗಿಲು ಸರಿಸಿದಳು. ಮೂರು ರಾತ್ರಿ ನಿದ್ದೆಯಿಲ್ಲದ ಮುಖ. ನನ್ನ ಹೆಗಲಿನಾಚೆ ನೋಡಿದಳು.

"ಅಂಕಲ್?"

ಜ್ವರ ಎಂದರೆ ಆ ಹುಡುಗಿ ನನ್ನನ್ನು ವಾಪಸ್ಸು ಕಳಿಸುತ್ತಿದ್ದಳು. ಒಳಗೆ ಸಾಲೊಮನ್ ಕೇಳಿಸಿಕೊಂಡು ನೊಂದುಕೊಳ್ಳುತ್ತಿದ್ದರು. ನಮ್ಮ ಮನೆಯ ಕಷ್ಟ ಅಲ್ಲಿ ಹೇಳಬಾರದು ಎಂಬುದು ಬಾಯಿಗೆ ಅಷ್ಟು ರೂಢಿಯಾಗಿತ್ತು. ನಾನು ಹೇಳಿದೆ:

"ಕೆಳಗಿದ್ದಾರಮ್ಮ, ಬರ್ತಾರೆ."

ಅವಳು ತಲೆಯಾಡಿಸಿ, ಹಿಂದೆ ಬರುವವರಿಗೆಂದು ಜಾಲರಿಗೆ ಬೀಗ ಹಾಕದೆ ಬಿಟ್ಟಳು.

ಕೋಣೆಯಲ್ಲಿ ಬಾಮ್‌ನ ವಾಸನೆ, ಒದ್ದೆ ಬಟ್ಟೆಯ ವಾಸನೆ. ಫ್ಯಾನು ಸುತ್ತುವಾಗ ಒಂದು ಸುತ್ತಿಗೆ ಒಮ್ಮೆ ಟಿಕ್ ಎನ್ನುತ್ತಿತ್ತು. ತಲೆದಿಂಬಿನ ಪಕ್ಕದ ಕುರ್ಚಿಯಲ್ಲಿ ನಾನು ಕುಳಿತೆ. ಬಾಗಿಲು ನನ್ನ ಬೆನ್ನಿಗಿತ್ತು. ಬಾಗಿಲ ಬಳಿಯ ಗೋಡೆಗೆ ಇನ್ನೊಂದು ಪ್ಲಾಸ್ಟಿಕ್ ಕುರ್ಚಿ ಒರಗಿಸಿತ್ತು.

"ಬಂದ್ರಾ..." ಎಂದರು ಸಾಲೊಮನ್.

"ಬಂದೀನ್ರೀ." ಕೈ ಹಿಡಿದುಕೊಂಡೆ. ಅವರ ಕೈ ತಣ್ಣಗಿತ್ತು, ಉಗುರುಗಳು ನೀಲಿಯಾಗಿದ್ದವು.

ಅವರಿಗೆ ಬಾಯಿಪಾಠವಿದ್ದ ಒಂದು ಕೀರ್ತನೆಯನ್ನು ನಿಧಾನವಾಗಿ ಓದಿದೆ. ಅವರ ತುಟಿ ನನ್ನ ಜೊತೆಗೇ ಅಲುಗುತ್ತಿತ್ತು. ಆಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದೆ. ಕಣ್ಣು ತೆರೆದಿರಬೇಕಾದವರು ಜೊತೆಯಲ್ಲಿ ಇಲ್ಲ ಎಂಬುದು ನೆನಪಿತ್ತು. ಆದರೂ ಮುಚ್ಚಿದೆ. ಅಷ್ಟು ವರ್ಷದ ರೂಢಿ.

ಎರಡು ನಿಮಿಷವಾಗಿರಬೇಕು. ಬೆನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದು... ಆಮೇಲೆ ಯಾರೋ ಕುಳಿತಾಗ ಆಗುವ ಕಿರ್ರ್ ಸದ್ದು.

ಗ್ರೇಸ್ ಬಂದಳು ಅಂದುಕೊಂಡೆ.

ಒಂದು ವಾಸನೆಯೂ ಬಂತು. ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯದು. ಬಿಸಿ ಹತ್ತಿಯ, ಸ್ವಲ್ಪ ಸುಟ್ಟಂಥ ವಾಸನೆ. ಹೆದರುವಂಥದ್ದೇನೂ ಅದರಲ್ಲಿ ಇರಲಿಲ್ಲ. ನಾನು ಹೆದರಲೂ ಇಲ್ಲ.

ಸಾಲೊಮನ್ ಅವರ ಬೆರಳುಗಳು ನನ್ನ ಬೆರಳನ್ನು ಬಿಗಿಯಾಗಿ ಹಿಡಿದವು.

ಆಮೆನ್ ಹೇಳಿ ಕಣ್ಣು ತೆರೆದು ಹಿಂತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆದರೆ ಗೋಡೆಗೆ ಒರಗಿದ್ದ ಕುರ್ಚಿ ಈಗ ಮಂಚದ ಕಾಲ ಬುಡದಲ್ಲಿ, ರೋಗಿಯ ಕಡೆ ಮುಖ ಮಾಡಿ ನಿಂತಿತ್ತು. ಗ್ರೇಸ್ ಎಳೆದಿಟ್ಟು ಹೋಗಿರಬೇಕು ಅಂದುಕೊಂಡೆ.

ಸಾಲೊಮನ್ ಆ ಕುರ್ಚಿಯನ್ನೇ ನೋಡುತ್ತಿದ್ದರು. ಕುರ್ಚಿಯನ್ನಲ್ಲ... ಕುಳಿತವರ ಮುಖ ಎಷ್ಟು ಎತ್ತರಕ್ಕಿರುತ್ತದೋ ಅಷ್ಟು ಮೇಲೆ.

"ಅವ್ವ," ಎಂದರು ಪಿಸುಮಾತಿನಲ್ಲಿ. "ಅವ್ರ್ಯಾಕೆ ಕಣ್ಣು ಮುಚ್ಚಾಕಿಲ್ಲ?"

ಉಸಿರು ಕಡಿಮೆಯಾದವರು ಏನೇನೋ ಕಾಣುತ್ತಾರೆ. ಇದು ನನಗೆ ಹೊಸದಲ್ಲ. ಒಬ್ಬರು ತಮ್ಮ ಎತ್ತನ್ನು ಕಂಡಿದ್ದರು, ಒಬ್ಬರು ತಾಯಿಯನ್ನು. ಇಲ್ಲವೆನ್ನಬಾರದು.

"ನಿಮ್ಮನ್ನ ನೋಡ್ಕೊಳ್ಳಾಕ ಬಂದಾರ್ರೀ," ಎಂದೆ. "ಇರ್ಲಿ ಬಿಡ್ರಿ."

ಫ್ಯಾನು ಟಿಕ್ ಎನ್ನುತ್ತಲೇ ಇತ್ತು.

ಒಂಬತ್ತೂವರೆಯ ಹೊತ್ತಿಗೆ ಗ್ರೇಸ್ ತಟ್ಟೆಯಲ್ಲಿ ಎರಡು ಲೋಟ ಟೀ ಇಟ್ಟುಕೊಂಡು ಬಾಗಿಲಿಗೆ ಬಂದಳು. ತಂದೆಗೆ ಜೋಂಪು ಹತ್ತಿತ್ತು. ಸದ್ದು ಬೇಡ ಎಂದು ಕೈಸನ್ನೆ ಮಾಡಿದೆ. ಅವಳು ನನ್ನ ಕಡೆ ತಲೆಯಾಡಿಸಿದಳು. ಮಂಚದ ಕಾಲಿನ ಕಡೆಗೂ ಒಮ್ಮೆ ತಲೆಯಾಡಿಸಿದಳು. ಅದು ತಂದೆಗೆ ಅಂದುಕೊಂಡೆ. ಲೋಟಗಳನ್ನು ಹೊರಗಿನ ಮೇಜಿನ ಮೇಲಿಟ್ಟು ಹೋದಳು.

ಅರ್ಧ ಗಂಟೆಗೊಮ್ಮೆ ನಾನು ಯಜಮಾನರಿಗೆ ಫೋನ್ ಮಾಡುತ್ತಿದ್ದೆ. ಒಂಬತ್ತಕ್ಕೆ ಮಾತಾಡಿದರು. ಒಂಬತ್ತೂವರೆಗೂ ಮಾತಾಡಿದರು. ಹತ್ತಕ್ಕೆ, "ವಸಡಿನಾಗ ರಕ್ತ ಬರಾಕತ್ತೇತಿ," ಎಂದರು, ಬೇರೆ ಯಾರದೋ ಸುದ್ದಿ ಹೇಳುವವರಂತೆ. ಹತ್ತೂವರೆಗೆ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ.

ಆಗ ನನಗೆ ಅಳು ಬರಲಿಲ್ಲ, ಗಾಬರಿಯೂ ಆಗಲಿಲ್ಲ. ಇಲ್ಲಿ ಒಬ್ಬರು, ಅಲ್ಲಿ ಒಬ್ಬರು. ಇಲ್ಲಿ ಕೊಟ್ಟ ಮಾತು. ನಾನು ಎದ್ದು ನಿಂತೆ.

ಸಾಲೊಮನ್ ಕಣ್ಣು ಬಿಟ್ಟರು.

"ಹೊಂಟ್ರಾ?"

"ಮನ್ಯಾಗ ಸ್ವಲ್ಪ ಕೆಲಸೈತ್ರಿ. ಬೆಳಕು ಹರಿಯೂದ್ರಾಗ ಬರ್ತೀನಿ."

ಅವರು ಮಂಚದ ಕಾಲ ಬುಡದ ಕಡೆ ನೋಡಿದರು. ಮತ್ತೆ ನನ್ನ ಕಡೆ. "ನೀವು ಹೋದ್ರೆ... ಇವ್ರೂ ಹೊಂಟೋಯ್ತಾರಾ?"

"ಇಲ್ರೀ," ಎಂದೆ. "ಅವರು ಇರ್ತಾರ."

ಹೊರಗೆ ಗ್ರೇಸ್ ಸೋಫಾದಲ್ಲಿ ಚಪ್ಪಲಿಯನ್ನೂ ಬಿಚ್ಚದೆ ನಿದ್ದೆ ಹೋಗಿದ್ದಳು. ಭುಜ ಮುಟ್ಟಿದೆ. ಕಣ್ಣು ತೆರೆಯದೆ, "ಹ್ಮ್... ಅಂಕಲ್ ಇದಾರಲ್ಲ... ಓಕೆ ಲಾ," ಎಂದು ಮಗ್ಗುಲಾದಳು.

ನನ್ನ ಸುಳ್ಳನ್ನು ಈಗಲೂ ನಂಬಿಕೊಂಡಿದ್ದಾಳೆ ಅಂದುಕೊಂಡೆ. ಎಬ್ಬಿಸಿದರೆ ಒಪ್ಪಿಕೊಳ್ಳಬೇಕು, ವಿವರಿಸಬೇಕು. ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ಮೇಜಿನ ಮೇಲೆ ಎರಡೂ ಲೋಟಗಳು ತುಂಬಿದ್ದವು, ಕೆನೆ ಕಟ್ಟಿತ್ತು. ಜಾಲರಿಯನ್ನು ಸದ್ದಾಗದಂತೆ ಎಳೆದುಕೊಂಡು ಇಳಿದೆ.

ಮೂರನೆಯ ಮಹಡಿಯ ತಿರುವಿನಲ್ಲಿ ಒಂದು ಕ್ಷಣ ನಿಂತೆ. ಮೇಲಿನಿಂದ ಮಾತು ಕೇಳಿಸಿತು. ಗಂಡು ದನಿ, ತಗ್ಗಿದ ದನಿ. ಯಾರದೋ ಮನೆಯ ಟಿವಿ ಇರಬಹುದು. ಪದಗಳು ಕೇಳಿಸಲಿಲ್ಲ. ಇಲ್ಲಿ ಇದಕ್ಕಿಂತ ಹೆಚ್ಚಿಗೆ ಹೇಳಲಾರೆ.

ಮನೆಯಲ್ಲಿ ಯಜಮಾನರು ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಪ್ರಜ್ಞೆ ಇತ್ತು. ಆಂಬುಲೆನ್ಸ್ ಬಂತು, ಹನ್ನೆರಡರ ಹೊತ್ತಿಗೆ ಆಸ್ಪತ್ರೆ ಸೇರಿದೆವು. ಪ್ಲೇಟ್‌ಲೆಟ್ ತೀರಾ ಇಳಿದಿತ್ತು. ರಾತ್ರಿಯಿಡೀ ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದೆ. ಒಮ್ಮೆಯೂ ಎದ್ದುಹೋಗಲಿಲ್ಲ. ಅವರೂ ಎಲ್ಲಿಗೂ ಹೋಗಲಿಲ್ಲ. ಕೈಗೆ ಸೂಜಿ ಹಾಕಿ ಟೇಪು ಅಂಟಿಸಿದ್ದರು.

ಬೆಳಿಗ್ಗೆ ಆರೂವರೆಗೆ ಗ್ರೇಸ್ ಫೋನ್ ಬಂತು.

"ಆಂಟಿ... ಅಪ್ಪ ಹೋಗ್ಬಿಟ್ರು." ಅವಳ ದನಿ ಸವೆದುಹೋದಂತಿತ್ತು. "ಅರೌಂಡ್ ಫೋರ್ ಇರಬೇಕು ಅಂತ ಡಾಕ್ಟರ್ ಹೇಳಿದ್ರು. ನಾನು ಮಲ್ಕೊಂಬಿಟ್ಟಿದ್ದೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಬಟ್ ಐಯಾಮ್ ನಾಟ್ ಸೋ ಸ್ಯಾಡ್, ಆಂಟಿ. ಅಂಕಲ್ ಹೋಲ್ ನೈಟ್ ಕೂತಿದ್ರು. ಮೂರು ಗಂಟೆಗೆ ಎದ್ದು ನೋಡ್ದೆ, ಅಪ್ಪನ ಹತ್ರ ಕನ್ನಡದಲ್ಲಿ ಮಾತಾಡ್ತಿದ್ರು. ಅಪ್ಪ ಕೂಡ ಏನೋ ಹೇಳ್ತಿದ್ರು. ಅದಕ್ಕೇ ಮತ್ತೆ ಮಲಗ್ದೆ. ಈಗ ನೋಡಿದ್ರೆ ಅಂಕಲ್ ಇಲ್ಲ, ಗ್ರಿಲ್ ಓಪನ್ ಇದೆ. ಥ್ಯಾಂಕ್ಸ್ ಹೇಳ್ಬೇಕಿತ್ತು. ಮನೆಗೆ ಬಂದ್ರಾ?"

ನನ್ನೆದುರು ಯಜಮಾನರು ಬಾಯಿ ತೆರೆದು ನಿದ್ರಿಸುತ್ತಿದ್ದರು. ಬಾಟಲಿಯಿಂದ ಹನಿ ಇಳಿಯುತ್ತಿತ್ತು. ನಾನು ಹನಿಗಳನ್ನೇ ನೋಡುತ್ತಿದ್ದೆ.

"ಅಂಕಲ್ ಯಾವಾಗ ಬಂದ್ರಮ್ಮ?" ಎಂದು ಕೇಳಿದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು.

"ನೀವು ಪ್ರೇಯರ್ ಮಾಡ್ತಿದ್ರಲ್ಲ, ಆಗ. ಕಿಚನ್‌ನಿಂದ ಬ್ಯಾಕ್ ಸೈಡ್ ನೋಡ್ದೆ. ವೈಟ್ ಶರ್ಟ್. ಸೋ ಥಿನ್ ಆಗಿದ್ದಾರೆ ಅನ್ನಿಸ್ತು. ಚೇರ್ ಎಳ್ಕೊಂಡು ಕೂತ್ರು. ಟೀ ಕೊಡೋಕೆ ಬಂದಾಗಲೂ ಇದ್ರಲ್ಲ ಆಂಟಿ, ನಿಮ್ಮ ಮುಂದೇನೇ."

ಮಧ್ಯಾಹ್ನ ಬರುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ನನಗೆ ತೋಚಿದ್ದನ್ನೆಲ್ಲ ವಿಚಾರಿಸಿದ್ದೇನೆ. ಥಾಮಸ್ ಅಣ್ಣ ಸಭೆಯ ಗಂಡಸರನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಆ ರಾತ್ರಿ ಅಲ್ಲಿಗೆ ಯಾರೂ ಹೋಗಿರಲಿಲ್ಲ. ಅವರಲ್ಲಿ ಕನ್ನಡ ಬಲ್ಲವರೂ ಇಲ್ಲ. ಭಾನುವಾರ ಊಟಕ್ಕೆ ಬರುವ ಕನ್ನಡದ ಹುಡುಗರನ್ನು ನಾನೇ ಕೇಳಿದೆ, ಅವರೂ ಹೋಗಿರಲಿಲ್ಲ. ಗ್ರೇಸ್ ಮೂರು ರಾತ್ರಿ ನಿದ್ದೆಗೆಟ್ಟಿದ್ದಳು, ಕನಸನ್ನೇ ಕಂಡಿರಬಹುದು. ನಾನೂ ದಣಿದಿದ್ದೆ. ಇದೆಲ್ಲ ಸರಿ. ಆದರೆ ಕುರ್ಚಿ ಉಜ್ಜಿದ ಸದ್ದನ್ನು ನಾನು ಕೇಳಿದ್ದೆ. ಆ ಕುರ್ಚಿಯನ್ನು ತಾನು ಮುಟ್ಟಿಲ್ಲ ಎಂದು ಗ್ರೇಸ್ ಹೇಳುತ್ತಾಳೆ.

ಸಮಾಧಿಯ ದಿನ ನಾನು ಬಾಯಿ ಬಿಡಲಿಲ್ಲ. ಬಂದವರಿಗೆಲ್ಲ ಅವಳು ಹೇಳುತ್ತಿದ್ದಳು: "ಅಪ್ಪ ಒಬ್ರೇ ಹೋಗ್ಲಿಲ್ಲ. ಅವರ ಭಾಷೆಯವರು ಜೊತೆಗಿದ್ರು." ಹೇಳಿದಾಗಲೆಲ್ಲ ಅವಳ ಮುಖ ಸ್ವಲ್ಪ ಹಗುರಾಗುತ್ತಿತ್ತು. ಅದನ್ನು ಅವಳಿಂದ ಹೇಗೆ ಕಿತ್ತುಕೊಳ್ಳಲಿ?

ಯಜಮಾನರು ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಅವರಿಗೆ ಎಲ್ಲ ಹೇಳಿದೆ.

"ದೇವದೂತ ಅಂತ ತಿಳ್ಕೋಬಾರದ್ಯಾಕ? ನೀ ಹೋಗಬೇಕಾತು, ಆ ಜಾಗಾಕ್ಕ ಅವನು ಬಂದ."

"ನಾ ಹೋಗೂಕಿಂತ ಮೊದಲ ಬಂದಾನ್ರೀ. ನಾ ಸುಳ್ಳು ಹೇಳಿದ ಮ್ಯಾಲ ಬಂದಾನ."

ಅವರು ಎದ್ದು ಹೊರಬಾಗಿಲಿನ ಅಗುಳಿ ಹಾಕಿಬಂದರು.

ಸತ್ತವರ ಮನೆಗೆ ಕೆಲವು ವಾರದ ನಂತರ ಹೋಗಿ ಸ್ತೋತ್ರದ ಪ್ರಾರ್ಥನೆ ಮಾಡುವುದು ನಮ್ಮಲ್ಲಿ ಪದ್ಧತಿ. ಗ್ರೇಸ್ ತಾನೇ ಕರೆದಳು. "ಅಂಕಲ್ ಬರಲೇಬೇಕು," ಎಂದಳು. ಸಂಜೆ ಏಳೂವರೆಗೆ, ಇಬ್ಬರೂ ಹೋದೆವು. ಯಜಮಾನರು ತಿರುವಿಗೊಮ್ಮೆ ಕುಳಿತು ಕುಳಿತು ಮೆಟ್ಟಿಲು ಹತ್ತಿದರು.

ಗ್ರೇಸ್ ಬಾಗಿಲು ತೆರೆದಳು. ಯಜಮಾನರ ಎರಡೂ ಕೈ ಹಿಡಿದುಕೊಂಡು, "ಥ್ಯಾಂಕ್ಸ್ ಅಂಕಲ್..." ಎಂದು ಶುರುಮಾಡಿದವಳು ಅಲ್ಲೇ ನಿಂತಳು. ಅವರ ಮುಖ ನೋಡಿದಳು. ಭುಜ ನೋಡಿದಳು. ಕೈ ಬಿಟ್ಟಳು.

"ಕೂತ್ಕೊಳಿ ಅಂಕಲ್," ಎಂದಳು ಮೆಲ್ಲಗೆ.

ಅಡುಗೆಮನೆಯಲ್ಲಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. "ಆಂಟಿ, ಅವತ್ತು ಕೂತಿದ್ದೋರು ಇವರಲ್ಲ. ಇನ್ನೊಬ್ಬರು ಬರ್ಲಿಲ್ವಾ?"

ಮತ್ತೊಂದು ಸುಳ್ಳಿಗೆ ನನಗೆ ಧೈರ್ಯ ಸಾಲಲಿಲ್ಲ. "ಅವತ್ತು ಅಂಕಲ್‌ಗೆ ಡೆಂಗ್ಯೂ ಜ್ವರ ಇತ್ತಮ್ಮ," ಎಂದೆ. "ನಾನು ಒಬ್ಬಳೇ ಬಂದಿದ್ದೆ. ಕೆಳಗಿದ್ದಾರೆ ಅಂತ ಸುಮ್ಮನೆ ಹೇಳಿದ್ದು. ಹತ್ತೂವರೆಗೆ ನಾನು ಹೊರಟುಹೋದೆ."

ಅವಳು ನಲ್ಲಿ ತಿರುಗಿಸಿದಳು. ತೊಳೆಯಲು ಏನೂ ಇರಲಿಲ್ಲ. ನೀರು ಹರಿಯುತ್ತಿತ್ತು. ಬೆನ್ನು ನನ್ನ ಕಡೆಗಿತ್ತು.

"ಹಾಗಾದ್ರೆ ಅಪ್ಪನ್ನ ಯಾರ ಹತ್ರ ಬಿಟ್ಟು ಮಲ್ಕೊಂಡೆ ನಾನು?"

ನೀರು ಹರಿಯುತ್ತಲೇ ಇತ್ತು.

"ಅಪ್ಪ ನಿಮಗೆ ಏನಾದ್ರೂ ಹೇಳಿದ್ರಾ? ಅವರ ಬಗ್ಗೆ?"

ಹೇಳಿದೆ. ನೀವು ಹೋದರೆ ಇವರೂ ಹೋಗುತ್ತಾರಾ ಎಂದು ಕೇಳಿದ್ದನ್ನು, ಇಲ್ಲ, ಇರುತ್ತಾರೆ ಎಂದು ನಾನು ಉತ್ತರಿಸಿದ್ದನ್ನು. ಅವಳಿಗೆ ತಿಳಿಯುವಂತೆ ಎರಡು ಸಲ ಹೇಳಿದೆ.

ಗ್ರೇಸ್ ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಹೇಗೆ ಕೇಳಿದ್ರು, ಆಂಟಿ? ಹೋಗ್ಬೇಡಿ ಅನ್ನೋ ಥರಾನಾ? ಇಲ್ಲಾ... ಹೋಗ್ಲಿ ಅನ್ನೋ ಥರಾನಾ?"

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ಮಾತು ಅಕ್ಷರಶಃ ನೆನಪಿದೆ. ಉಸಿರಿಗಾಗಿ ಅವರು ಎಲ್ಲಿ ನಿಂತರು ಎಂಬುದೂ ನೆನಪಿದೆ. ಮುಖ ನೆನಪಿಲ್ಲ. ಅದರಲ್ಲಿ ನೆಮ್ಮದಿ ಇತ್ತೋ ಭಯ ಇತ್ತೋ, ನಾನು ನೋಡಲಿಲ್ಲ. ಅವರು ನನ್ನ ಕಡೆ ತಿರುಗಿ ಕೇಳುವ ಹೊತ್ತಿಗೆ ನಾನು ಕೈಯಲ್ಲಿದ್ದ ಫೋನ್ ನೋಡುತ್ತಿದ್ದೆ.